ಅಪೆಂಡಿಕ್ಸೇ, ಅನುಮಾನವಿಲ್ಲ

ಬೆಳಿಗ್ಗೆ ಹಾಸಿಗೆಯಿಂದ ಏಳಹೋದ ಅಲಮೇಲುವಿನ ಹೊಟ್ಟೆ ಚುಳ್ಳೆಂದಿತು. ಪಕ್ಕದ ಮನೆಯ ಜಹನಾರಾ ಓಡಿಬಂದು, "ನಜರ್ ಬಿದ್ದಿದೆ" ಎಂದು ಮೆಣಸಿನಕಾಯಿ ನಿವಾಳಿಸಿದಳು. ಅತ್ತೆ, ಹೊಕ್ಕುಳು ಜಾರಿದೆಯೆಂದು ಹರಳೆಣ್ಣೆ ಹಚ್ಚಿದರು. ವಿಮಾ ಕಚೇರಿಯಲ್ಲಿ ಮೆಡಿಕಲ್ ಕ್ಲೇಮುಗಳನ್ನು ನೋಡಿ ನೋಡಿ ಅರ್ಧ ಡಾಕ್ಟರಾಗಿದ್ದ ಗಂಡ ವೆಂಕಟಾಚಲ ಮಾತ್ರ, "ಅಪೆಂಡಿಕ್ಸೇ, ಅನುಮಾನಾನೇ ಇಲ್ಲ" ಎಂದು ತೀರ್ಪು ಕೊಟ್ಟು, ಅವಳನ್ನು ಆಟೋದಲ್ಲಿ ಹಲಸೂರಿನ ಡಾಕ್ಟರ ಬಳಿಗೆ ಕರೆದೊಯ್ದ.

ಜ್ವರವಿಲ್ಲ, ವಾಂತಿಯಿಲ್ಲ, ಹಸಿವಂತೂ ಭರ್ಜರಿ. ಡಾಕ್ಟರು ಅವಳನ್ನು ಮಲಗಿಸಿ, ತಲೆಯೆತ್ತಲು ಹೇಳಿ ಹೊಟ್ಟೆ ಒತ್ತಿದರು. ಅವಳು ಅಯ್ಯೋ ಎಂದಳು.

"ನೋವು ಒಳಗಿಲ್ಲಮ್ಮ, ಮೇಲಿನ ಸ್ನಾಯುಗಳಲ್ಲಿದೆ. ನಿನ್ನೆ ಭಾರ ಏನಾದ್ರೂ ಎತ್ತಿದ್ರಾ?"

ಅಲಮೇಲು ಸೆರಗನ್ನು ಬಾಯಿಗಿಟ್ಟುಕೊಂಡಳು. "ಇಲ್ಲ ಡಾಕ್ಟ್ರೇ. ಇವರ ಜೊತೆ ಇಂದಿರಾನಗರದ ಪಾರ್ಕಿಗೆ, ಲಾಫಿಂಗ್ ಕ್ಲಬ್ಬಿಗೆ ಹೋಗಿದ್ದೆ. ಇವರು ನಗೋದು ನೋಡಿ ನಗು ಬಂದ್ಬಿಡ್ತು. ಮನೆಗೆ ಬಂದ್ಮೇಲೂ ನಿಲ್ಲಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ನಕ್ಕೆ."

ವೆಂಕಟಾಚಲ ಕೆರಳಿದ. "ಅದರಲ್ಲಿ ನಗೋಂಥದ್ದೇನಿದೆ? ಕ್ರಮವಾಗಿ ನಗ್ತೀನಪ್ಪ. ನೀವೇ ನೋಡಿ!"

ಕನ್ನಡಕ ತೆಗೆದು ಜೇಬಿಗಿಟ್ಟು, ಎರಡೂ ಕೈ ಮೇಲೆತ್ತಿ, ಕಡತಕ್ಕೆ ಸಹಿ ಹಾಕುವ ಮುಖದಲ್ಲೇ, "ಹೋ. ಹೋ. ಹಾ. ಹಾ" ಎಂದ.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಕುಸಿದರು. ಅಲಮೇಲು ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕಳು.

ವೆಂಕಟಾಚಲ ಮತ್ತೆ ಕನ್ನಡಕ ಏರಿಸಿ, ಡಾಕ್ಟರನ್ನು ಕನಿಕರದಿಂದ ನೋಡಿದ.

"ನಿಮಗೂ ಅಪೆಂಡಿಕ್ಸೇ."