ಹತ್ತೂವರೆಯ ಹಾಸನ ಬಸ್ಸು

ಅವ್ವನ ಸೊಂಟದ ಗಂಟು ಭಾಗ್ಯಳ ಉಗುರಿಗೆ ಬಗ್ಗಲಿಲ್ಲ. ಎಷ್ಟು ವರ್ಷದ ಬೆವರು ಕುಡಿದಿತ್ತೋ ಆ ಕರಿದಾರ, ಕಲ್ಲಾಗಿ ಕೂತಿತ್ತು. ಅದರಲ್ಲಿ ಪೋಣಿಸಿದ್ದ ಐದು ಬೀಗದ ಕೈಗಳು ಊರ ಹೈಸ್ಕೂಲಿನವು. ಮೈ ತೊಳೆಯಲು ಕಾಯಿಸಿದ ನೀರು ಹಿತ್ತಲಲ್ಲಿ ಆರುತ್ತಿತ್ತು. ಭಾಗ್ಯ ಬಗ್ಗಿ ಗಂಟಿಗೆ ಹಲ್ಲು ಹಾಕಲು ಹೋದಾಗ ಮುತ್ತಮ್ಮ ಅವಳ ತೋಳು ಹಿಡಿದು ಎತ್ತಿದಳು.

"ಹೆಣದ ಮೈಗೆ ಹಲ್ಲಾಕ್ತೀಯೇನೆ? ತಾಳು, ಕುಡ್ಲು ತತ್ತೀನಿ."

ಮುತ್ತಮ್ಮ ಅವ್ವನ ಅಕ್ಕ. ಬಾಣಾವರದಿಂದ ಮೊದಲ ಬಸ್ಸಿಗೇ ಬಂದವಳು, ಬೀದಿಯಿಂದಲೇ ಅಳುತ್ತ ಬಂದು, ಅಳು ಮುಗಿದ ಮೇಲೆ ಮನೆಯ ಯಜಮಾನಿಕೆಯನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. ಕುಡುಗೋಲಿನ ತುದಿಯಲ್ಲಿ ದಾರ ಕೊಯ್ದು ಬೀಗದ ಕೈಗಳನ್ನು ಭಾಗ್ಯಳ ಅಂಗೈಗೆ ಹಾಕಿದಳು.

"ಗಂಡ ಕಟ್ಟಿದ ತಾಳಿನೂ ಇಷ್ಟ್ ಭದ್ರವಾಗಿ ಇಕ್ಕಂಡಿರ್ಲಿಲ್ಲ ಇವ್ಳು. ಒಂದ್ಸಲ ನಮ್ಮನೆ ಬಚ್ಚಲ ಗೂಡಲ್ಲಿ ತಾಳಿ ಬಿಚ್ಚಿಟ್ಟು ಮರ್ತು ಬಸ್ ಹತ್ತಿದ್ಲು, ಗೊತ್ತಾ ನಿಂಗೆ?"

ಸೀರೆ ಮರೆ ಹಿಡಿದಿದ್ದ ಹೆಂಗಸರು ಅಳುವಿನ ನಡುವೆಯೇ ಸೆರಗಿನೊಳಗೆ ನಕ್ಕರು.

ಅವ್ವ ಚಲುವಮ್ಮನಿಗೆ ಐವತ್ತೆರಡು. ಹದಿನೈದು ವರ್ಷ ಆ ಹೈಸ್ಕೂಲಿನ ಕಸ ಗುಡಿಸಿ, ಗಂಟೆ ಹೊಡೆದು, ಬೀಗ ಹಾಕಿದವಳು. ನಿನ್ನೆ ಗುರುವಾರ ಸಂಜೆ ಶಾಲೆಯಿಂದ ಬಂದು ಕಾಫಿಗೆ ನೀರಿಟ್ಟು ಗೋಡೆಗೆ ಒರಗಿದಳಂತೆ. ಪಕ್ಕದ ಮನೆಯವರು ಸೀದ ವಾಸನೆಗೆ ಬಂದು ನೋಡಿದಾಗ ಪಾತ್ರೆ ಮಾತ್ರ ಉರಿಯುತ್ತಿತ್ತು. ಅರಸೀಕೆರೆಯ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆಯಾಗಿರುವ ಭಾಗ್ಯ, ಎರಡು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಬಾಡಿಗೆ ಓಮ್ನಿಯಲ್ಲಿ ಬಂದು ತಲುಪಿದಾಗ ಅವ್ವನನ್ನು ಚಾಪೆಯ ಮೇಲೆ ಮಲಗಿಸಿ ಆಗಿತ್ತು.

ಮೈ ತೊಳೆದು, ಸೀರೆ ಉಡಿಸಿ, ಪಡಸಾಲೆಯಲ್ಲಿ ಒರಗಿಸಿ ಕೂರಿಸಿದ ಮೇಲೆ ಭಾಗ್ಯ ಉಸಿರಾಡಲು ಬಾಗಿಲಿಗೆ ಬಂದಳು. ಎದುರಿನ ಮೋಟುಗೋಡೆಯುದ್ದಕ್ಕೂ ಹನ್ನೆರಡು ಹುಡುಗಿಯರು ಶಾಲೆಯ ಸಮವಸ್ತ್ರದಲ್ಲಿ ನಿಂತಿದ್ದರು. ಅವರಲ್ಲಿ ಎತ್ತರದವಳೊಬ್ಬಳು ಮುಂದೆ ಬಂದಳು. ಹೆಸರು ಹೇಮಾಶ್ರೀ, ಹತ್ತನೇ ಕ್ಲಾಸು, ಗಾರೆ ಕೆಲಸದವನ ಮಗಳು. ಅವ್ವ ಫೋನಿನಲ್ಲಿ ದಿನವೂ ಹೇಳುತ್ತಿದ್ದ ಹೆಸರು.

"ಅಕ್ಕ, ನಾವ್ ಹೋಗಲ್ಲ ಅಂತ ಮಾಡಿದೀವಿ."

"ಎಲ್ಲಿಗೆ?"

"ಹಾಸನಕ್ಕೆ. ಇವತ್ತು ಜಿಲ್ಲೆ ಮಟ್ಟದ ಖೋಖೋ ಐತೆ. ಪೀಟಿ ಸಾರು ನೆನ್ನೆನೇ ಹೋದ್ರು. ಒಂದು ಗಂಟೆಗೆ ಹೆಸರು ಕರೀತಾರಂತೆ."

"ಹೋಗಿದ್ರೆ ಯಾವ ಬಸ್ಸಿಗೆ ಹೋಗ್ತಿದ್ರಿ?"

"ಹತ್ತೂವರೆದಕ್ಕೆ. ಅದಾದ್ಮೇಲಿಂದು ಹೋಗೋ ಹೊತ್ತಿಗೆ ಮುಗ್ದಿರ್ತೈತೆ." ಹುಡುಗಿ ಕೆಳಗೆ ನೋಡಿದಳು. "ಆಯಮ್ಮನ್ನ ಎತ್ತದೆ ಇದ್ರೆ ಹೆಂಗ್ ಹೋಗದು ಅಕ್ಕ? ನಮ್ಮ ಮನೇಲೂ ಬೇಡ ಅಂದ್ರು."

ಬೇಡ ಎನ್ನದೆ ಏನು ಮಾಡಿಯಾರು? ಹೆಣ ಎತ್ತುವ ತನಕ ಕೇರಿಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಒಳ್ಳೆಯ ಕೆಲಸಕ್ಕೆಂದು ಹೊಸ್ತಿಲು ದಾಟುವುದಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದು ಕಳೆದ ಮೇಲೇ ಎತ್ತುವುದೆಂದು ಸೋದರಮಾವ ದ್ಯಾವಯ್ಯ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

"ಮುಂದಿನ ವರ್ಷ ಆಡಿದ್ರಾಯ್ತು ಬಿಡು," ಎಂದಳು ಭಾಗ್ಯ.

"ಏಳು ಜನ ಹತ್ತನೇ ಕ್ಲಾಸು ಅಕ್ಕ. ಮುಂದಿನ ವರ್ಷ ನಾವು ಸ್ಕೂಲಲ್ಲೇ ಇರಲ್ಲ."

ಅದು ದೂರುವ ಮಾತಾಗಿರಲಿಲ್ಲ. ತಪ್ಪು ಲೆಕ್ಕವನ್ನು ತಿದ್ದಿದ ಹಾಗೆ ಹೇಳಿ ಹೇಮಾಶ್ರೀ ಗೋಡೆಯ ಹತ್ತಿರಕ್ಕೆ ಹೋದಳು. ಭಾಗ್ಯಳಿಗೆ ಮರುಕ ಬರಬೇಕಿತ್ತು, ಬರಲಿಲ್ಲ. ಹಬ್ಬಕ್ಕೆ ಅರಸೀಕೆರೆಗೆ ಬಾ ಎಂದರೆ ಅವ್ವನಿಗೆ ಈ ಹುಡುಗಿಯರ ಪ್ರಾಕ್ಟೀಸು. ಎರಡನೇ ಬಾಣಂತನಕ್ಕೆ ಬಂದವಳು ಗುರುವಾರ ಬ್ರೌಸಿಂಗ್ ಸೆಂಟರಿಗೆ ಹೋಗಬೇಕೆಂದು ನಾಲ್ಕನೇ ದಿನಕ್ಕೇ ಚೀಲ ಹೆಗಲಿಗೇರಿಸಿದ್ದಳು. ಊರ ಮಕ್ಕಳಿಗೆಲ್ಲ ಅವ್ವ. ತನಗೆ?

*

ತೊಂಬತ್ನಾಲ್ಕರ ಸೆಪ್ಟೆಂಬರ್. ಬೇಲೂರಿನಲ್ಲಿ ನಡೆದ ತಾಲ್ಲೂಕು ಮಟ್ಟದ ಓಟದಲ್ಲಿ ಭಾಗ್ಯ ಬರಿಗಾಲಲ್ಲಿ ಓಡಿ ಮೊದಲಿಗಳಾಗಿದ್ದಳು. ಅವಳಿಗೆ ಹದಿನಾಲ್ಕು. ಅಪ್ಪ ಸತ್ತು ಎರಡು ವರ್ಷ, ಅವ್ವ ಶಾಲೆಯ ಕಸಬರಿಗೆ ಹಿಡಿದು ಒಂದು ವರ್ಷ. ಆಗಿನ ಪೀಟಿ ಮೇಷ್ಟ್ರು ತಾವೇ ಮನೆಗೆ ಬಂದು ಜಗಲಿಯ ಮೇಲೆ ಕೂತರು.

"ಕ್ಯಾನ್ವಾಸ್ ಶೂ ಒಂದು ಕೊಡಿಸಿ ಚಲುವಮ್ಮ. ಹಾಸನದಲ್ಲಿ ಎರಡು ದಿನ ಇರಬೇಕಾಗುತ್ತೆ, ಊಟಕ್ಕೆ ಏನಾದ್ರೂ ಮಾಡಿ. ಹುಡುಗಿ ಕಾಲಲ್ಲಿ ಏನೋ ಇದೆ."

ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಓಡಿ ಎಲ್ಲಿಗ್ ಹೋಗ್ಬೇಕು ಸಾಮಿ ಇವ್ಳು? ನಾಳಿಂದ ಆಲೂಗಡ್ಡೆ ಕೀಳಕ್ಕೆ ಕರ್ದವ್ರೆ. ನಮ್ಮಂಥೋರ್ಗೆ ಅವೆಲ್ಲ ಯಾಕೆ."

ಮೇಷ್ಟ್ರು ಎದ್ದು ಸೈಕಲ್ ಹತ್ತಿದರು. ಹಾಸನದಲ್ಲಿ ಓಟ ನಡೆದ ದಿನ ಭಾಗ್ಯ ಕಲ್ಲೇಶಪ್ಪನವರ ಹೊಲದಲ್ಲಿ ಮಣ್ಣು ಕೆದಕಿ ಆಲೂಗಡ್ಡೆ ಬುಟ್ಟಿಗೆ ತುಂಬಿದಳು. ಅತ್ತಳೇ ಎಂದರೆ ಇಲ್ಲ. ಆಮೇಲೆ ಮೈದಾನಕ್ಕೆ ಇಳಿಯಲೂ ಇಲ್ಲ. ಪಿಯುಸಿ, ಡಿಗ್ರಿ, ಕೆಲಸ, ಮದುವೆ ಎಲ್ಲ ಅದರ ಪಾಡಿಗೆ ಅದಾಯಿತು. ಆ ಮಾತನ್ನು ಮಾತ್ರ ತಾಯಿ ಮಗಳು ಹದಿನಾಲ್ಕು ವರ್ಷ ಎತ್ತಲಿಲ್ಲ.

*

ಒಂಬತ್ತೂಕಾಲರ ಹೊತ್ತಿಗೆ ಉಮಾಶಂಕರ ಬಂದ. ಬಸ್‌ ಸ್ಟ್ಯಾಂಡಿನ ಎದುರು ಮೂರು ಕಂಪ್ಯೂಟರಿನ ಬ್ರೌಸಿಂಗ್ ಸೆಂಟರ್ ಇಟ್ಟವನು. ಸೇವಂತಿಗೆ ಹಾರವನ್ನು ಚಲುವಮ್ಮನ ಕೊರಳಿಗೆ ಹಾಕಿ, ಕಾಲಿಗೆ ಕೈ ಮುಟ್ಟಿಸಿ, ಜಗಲಿಯ ತುದಿಯಲ್ಲಿ ಕೂತು ಕರವಸ್ತ್ರ ತೆಗೆದ.

"ನಿನ್ನೆ ಮಧ್ಯಾಹ್ನ ಬಂದಿದ್ರು ಮೇಡಂ. ಹೋಗೋವಾಗ, ನನ್ನ ಕುರ್ಚಿ ರಿಪೇರಿ ಮಾಡ್ಸು, ಸೊಂಟ ಹಿಡ್ಕತೈತೆ ಅಂದ್ರು. ಮಾಡಿಸ್ಬೇಕು ಅಂತಿದ್ದೆ."

"ಅಲ್ಲಿ ಬಂದು ಏನ್ ಮಾಡ್ತಿದ್ಲು ನಮ್ಮವ್ವ? ಇಂಗ್ಲಿಷ್ ಬರಲ್ಲ, ಏನಿಲ್ಲ."

"ಬರಬೇಕಾಗೂ ಇರಲಿಲ್ಲ. ಹಾಸನದಲ್ಲಿ ಒಂದು ಟ್ರಸ್ಟ್ ಇದೆ, ಅವರದ್ದೊಂದು ವೆಬ್‌ಸೈಟು. ಯಾವ ಹುಡುಗಿ ಏನು ಆಡ್ತಾಳೆ, ಯಾವ ಕ್ಯಾಂಪಿಗೆ ಹೋಗಬೇಕು, ಏನು ಬೇಕು ಅಂತ ನಾವು ಬರೆದು ಹಾಕೋದು. ಎಲ್ಲೋ ಇರೋರು ಓದಿ, ಮನಸ್ಸು ಬಂದ್ರೆ ಅಲ್ಲಿಂದಲೇ ಕಾರ್ಡಲ್ಲಿ ದುಡ್ಡು ಕಟ್ತಾರೆ. ಟ್ರಸ್ಟಿನೋರು ಶೂ ತಂದ್ಕೊಡ್ತಾರೆ, ಕ್ಯಾಂಪಿನ ಫೀಸು ಕಟ್ತಾರೆ. ಚಲುವಮ್ಮೋರು ಹೇಳೋರು, ನಾನು ಕುಟ್ಟೋನು." ಅವನು ಸಣ್ಣಗೆ ನಕ್ಕ. "ಮೊದಲು ನಾನು, ಬಡ ಹುಡುಗಿ, ತಂದೆ ಕುಡುಕ ಅಂತೆಲ್ಲ ಬರೆದಿದ್ದೆ. ಓದಿಸಿ ಕೇಳಿ, ಅಳಿಸಿಹಾಕು ಅಂದ್ರು. ಅವಳಪ್ಪ ಕುಡೀತಾನೆ ಅಂತ ಅವಳು ಖೋಖೋ ಆಡ್ತಾಳೇನಪ್ಪ? ಕಂಬ ಸುತ್ತಿ ತಿರುಗಿದ್ರೆ ಗಾಳಿಗೂ ಸಿಗಲ್ಲ, ಅದ್ನ ಬರಿ ಅಂತ."

"ಅಷ್ಟಕ್ಕೇ ಕೊಡ್ತಾರಾ?"

"ನಾನೂ ಅದೇ ಕೇಳಿದೆ. ಫೋಟೋ ಆದ್ರೂ ಬೇಕು ಅಂದೆ. ಮುಖ ಬೇಡ, ನಾಳೆ ಈ ಹುಡುಗೀರು ನಾಲ್ಕು ಜನದ ಮುಂದೆ ತಲೆ ಎತ್ಕೊಂಡು ಓಡಾಡ್ಬೇಕು, ಕಾಲು ತೆಗಿ ಅಂದ್ರು. ಹನ್ನೆರಡು ಜೊತೆ ಮಣ್ಣುಗಾಲು ಸಾಲಾಗಿ ನಿಲ್ಲಿಸಿ ತೆಗೆದೆ. ಒಂಬತ್ತೇ ದಿನಕ್ಕೆ ದುಡ್ಡು ಬಂತು ಮೇಡಂ. ಒಬ್ಬರಂತೂ, ಎಡಗಡೆಯಿಂದ ನಾಲ್ಕನೇ ಹುಡುಗಿ ಬೆರಳಿಗೆ ಗಾಯ ಆಗಿದೆ, ಮೊದಲು ಔಷಧಿ ಹಚ್ಚಿಸಿ ಅಂತ ಬರೆದಿದ್ರು."

ಭಾಗ್ಯ ಗೋಡೆಯ ಹತ್ತಿರ ನಿಂತಿದ್ದವರ ಕಾಲು ನೋಡಿದಳು. ಸಾವಿನ ಮನೆಗೆ ಬಂದಿದ್ದರಿಂದ ಎಲ್ಲರದೂ ಬರಿಗಾಲು.

"ಊರ ಮಕ್ಕಳ ಮೇಲೆ ಇಷ್ಟು ಅಕ್ಕರೆ ಎಲ್ಲಿಂದ ಬಂತೋ," ಎಂದಳು. ಮಾತಿನ ಕಹಿ ಅವಳ ಕಿವಿಗೇ ತಾಗಿತು.

ಉಮಾಶಂಕರ ಕರವಸ್ತ್ರ ಮಡಿಸಿ ಜೇಬಿಗಿಟ್ಟ.

"ಮೊದಲ ದಿನ ಅವರು ಈ ಹುಡುಗೀರಿಗೋಸ್ಕರ ಬಂದಿರಲಿಲ್ಲ ಮೇಡಂ. ನಿಮಗೋಸ್ಕರ ಬಂದಿದ್ರು."

*

ಅದು ಎರಡು ವರ್ಷದ ಹಿಂದಿನ ಮಾತು. ಶಾಲೆಯಲ್ಲಿ ಹೆಡ್ಮಾಸ್ಟರು ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ಚಲುವಮ್ಮ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಆಟ ಆಡೋ ಮಕ್ಕಳ ಹೆಸರು ಇದರಲ್ಲಿ ಹಾಕಿದ್ರೆ ಯಾರಾರ ಸಹಾಯ ಮಾಡ್ತಾರಂತೆ, ನಿಜವೇನಪ್ಪ?"

ನಿಜ ಎಂದ ಉಮಾಶಂಕರ, ಕುರ್ಚಿ ಎಳೆದು ಕೊಟ್ಟು, ಅರ್ಜಿಯ ಪುಟ ತೆರೆದ.

"ಹೆಸರು?"

"ಭಾಗ್ಯ."

"ಯಾವ ಆಟ?"

"ಓಟ. ತಾಲ್ಲೂಕಿಗೇ ಫಸ್ಟು."

"ಏನೇನು ಬೇಕು?"

"ಕ್ಯಾನ್ವಾಸ್ ಶೂ. ಹಾಸನದಲ್ಲಿ ಎರಡು ದಿನ ಇರಕ್ಕೆ ಜಾಗ, ಊಟ."

"ವಯಸ್ಸು?"

"ಇಪ್ಪತ್ತಾರು."

ಅವನ ಬೆರಳು ನಿಂತಿತು. "ಇಪ್ಪತ್ತಾರಾ?"

"ಹೂಂ. ಮದ್ವೆ ಆಗೈತೆ, ಒಂದು ಮಗು. ಅರಸೀಕೆರೆಲಿ ಆಪೀಸ್ ಕೆಲ್ಸ. ನಾನ್ ಹೇಳಿ ರಜ ಹಾಕಿಸ್ತೀನಿ."

ಉಮಾಶಂಕರನಿಗೆ ನಗು ತಡೆಯಲಾಗಲಿಲ್ಲ. ಹದಿನೆಂಟರೊಳಗಿನವರಿಗೆ ಮಾತ್ರ ಇದು ಅಮ್ಮ, ಎಂದ. ಚಲುವಮ್ಮ ಏಳಲಿಲ್ಲ. ಪರದೆಯ ಮೇಲೆ ಕಾಣುತ್ತಿದ್ದ ಮಗಳ ಹೆಸರನ್ನೇ ನೋಡುತ್ತ ಕೂತಳು. ಕನ್ನಡವಾಗಿದ್ದರೆ ಕೂಡಿಸಿ ಓದುತ್ತಿದ್ದಳು, ಇದು ಇಂಗ್ಲಿಷು.

"ಹದಿನಾಕರಲ್ಲಿ ಕೇಳಿದ್ರೆ ಸಿಗ್ತಿತ್ತಾ?"

"ಆವಾಗ ಇದೆಲ್ಲ ಎಲ್ಲಿತ್ತಮ್ಮ."

"ಇದಿರ್ಲಿಲ್ಲ. ಬಾಯಿತ್ತಲ್ಲ. ಯಾರನ್ನಾರ ಕೇಳ್ಬೌದಿತ್ತು." ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು. "ಹೋಗ್ಲಿ. ಶೂ, ಜಾಗ, ಊಟ ಹಂಗೇ ಇರ್ಲಿ. ಹೆಸರು ಮಾತ್ರ ಬದ್ಲಾಯ್ಸು. ಈಗಿರೋ ಹುಡುಗೀರ ಹೆಸರು ಹೇಳ್ತೀನಿ, ಬರ್ಕೋ."

*

ಭಾಗ್ಯ ಎದ್ದು ಒಳಗೆ ಹೋದಳು. ಸೇವಂತಿಗೆಯ ನಡುವೆ ಅವ್ವನ ಮುಖ, ಗಂಟೆ ಹೊಡೆಯುವ ಹೊತ್ತಾಯಿತೇ ಎಂದು ಕಿವಿಗೊಟ್ಟ ಹಾಗೆ ಒಂದು ಬದಿಗೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಿ, ಹೊರಗೆ ಬಂದು, ಚಟ್ಟ ಕಟ್ಟಿ ಮುಗಿಸಿ ಬೀಡಿ ಹಚ್ಚಿದ್ದ ದ್ಯಾವಯ್ಯನ ಮುಂದೆ ನಿಂತಳು.

"ಮಾವ, ಹತ್ತು ಗಂಟೆಗೇ ಎತ್ತಾಣ."

"ಗುಂಡಿ ಇನ್ನೂ ಮೊಣಕಾಲುದ್ದ ಆಗಿಲ್ಲ ಕಣವ್ವ. ಕಲ್ನೆಲ. ಹನ್ನೆರಡಾಗ್ಲಿ."

"ಎತ್ತಾಣ, ಅಲ್ಲೋಗಿ ಹೊಂಗೆ ಮರದ ಕೆಳಗೆ ಇಳ್ಸಿ ಕಾಯಾಣ. ಹತ್ತೂವರೆ ಒಳಗೆ ಎತ್ತಿದ್ರೆ ರಾಹುಕಾಲನೂ ಇಲ್ಲ."

ಮುತ್ತಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು. "ಏನೇ ಅವಸರ ಅವ್ವನ್ನ ಕಳ್ಸಕ್ಕೆ? ಮಧ್ಯಾಹ್ನದ ಮೇಲೆ ಆಪೀಸ್ಗೆ ಹೋಗ್ಬೇಕೇನು?"

"ನಂಗಲ್ಲ ದೊಡ್ಡವ್ವ. ಈ ಹುಡುಗೀರ್ಗೆ ಬಸ್ಸೈತೆ."

"ಹೆಣಕ್ಕೆ ಬಸ್ಸಿನ ಟೈಮ್ ಇಟ್ಟೋರ್ನ ನಾನು ಇವತ್ತೇ ಕಂಡಿದ್ದು."

"ಅವ್ವ ಇದ್ದಿದ್ರೆ ಗಂಟೆ ಹೊಡ್ದು ಕಳ್ಸಿರೋಳು. ಅವ್ಳ ಕೆಲ್ಸ ಅವ್ಳೇ ಮುಗ್ಸಿ ಹೋಗ್ಲಿ ಬಿಡು."

ಮುತ್ತಮ್ಮ ತಂಗಿಯ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಅಕ್ಕತಂಗಿಯರ ಯಾವ ಹಳೆಯ ಜಗಳ ತೀರಿತೋ. "ಬದುಕಿದ್ದಾಗ್ಲೂ ಒಂದು ಗಳಿಗೆ ಕೂತಿದ್ದೋಳಲ್ಲ. ಪುರಿ ತಗಂಬಾರ್ಲಾ ದ್ಯಾವ, ಬೀಡಿ ಆಮೇಲೆ ಸೇದೀವಂತೆ," ಎಂದಳು.

ಭಾಗ್ಯ ಬೀಗದ ಕೈಗಳನ್ನು ಹೇಮಾಶ್ರೀಯ ಕೈಗಿಟ್ಟಳು. "ಆಟದ ಸಾಮಾನಿನ ಕೋಣೆದು ಯಾವ್ದು ಅಂತ ಗೊತ್ತಾ?"

"ಸಣ್ಣದು ಅಕ್ಕ. ಬಾಗ್ಲು ಎತ್ತಿ ತಿರುಗಿಸ್ಬೇಕು."

"ಎತ್ತಿದ ತಕ್ಷಣ ಮನೆಗೋಗಿ ತಲೆಗೆ ನೀರ್ ಹುಯ್ಕಂಡು, ಆ ಕೋಣೆಯಿಂದ ಬಟ್ಟೆ ಶೂ ತಗಂಡು ಬಸ್ ಹತ್ತಿ. ಹಿಂದೆ ಬರ್ಬೇಡಿ."

"ಮಣ್ಣು ಹಾಕಕ್ಕೆ..."

"ನಿಮ್ದೂ ನಾನೇ ಹಾಕ್ತೀನಿ."

ಹತ್ತು ಗಂಟೆ ಐದು ನಿಮಿಷಕ್ಕೆ ಎತ್ತಿದರು. ತಮಟೆ ಮುಂದೆ, ಅದರ ಹಿಂದೆ ಪುರಿ ಚೆಲ್ಲುತ್ತ ದ್ಯಾವಯ್ಯ, ಆಮೇಲೆ ಚಟ್ಟ, ಹೆಂಗಸರು. ಕೇರಿ ದಾಟಿ ಹಾಸನ ರಸ್ತೆಗೆ ಬರುವಷ್ಟರಲ್ಲಿ ಶಾಲೆಯ ಮೇಷ್ಟ್ರುಗಳು, ಹೂವಿನ ಅಂಗಡಿಯವರು, ದೇವಸ್ಥಾನದ ಹತ್ತಿರ ಪೋಸ್ಟ್‌ಕಾರ್ಡ್ ಮಾರುವ ಹುಡುಗರು ಸೇರಿ ಜನ ದಾರಿಯ ಅಗಲಕ್ಕೂ ಹರಡಿಕೊಂಡಿತ್ತು. ಚಲುವಮ್ಮನಿಗೆ ಇಷ್ಟು ಜನರ ಪರಿಚಯ ಇತ್ತೆಂದು ಭಾಗ್ಯಳಿಗೂ ಗೊತ್ತಿರಲಿಲ್ಲ. ಕೆರೆ ಏರಿಯ ಹತ್ತಿರ ರಸ್ತೆ ಕಿರಿದಾಯಿತು. ಆಗ ಹಿಂದೆ ಬಸ್ಸಿನ ಸದ್ದು ಕೇಳಿಸಿತು.

ಹಾರನ್ ಆಗಲಿಲ್ಲ. ಡ್ರೈವರು ವೇಗ ತಗ್ಗಿಸಿ, ಸ್ವಲ್ಪ ದೂರ ಹಿಂದೆಯೇ ಬಂದು, ಕೊನೆಗೆ ನಿಲ್ಲಿಸಿಬಿಟ್ಟ. ಕಂಡಕ್ಟರು ಇಳಿದು ಬಂದ. "ನೀವು ಹೋಗ್ರಮ್ಮ ನಿಧಾನಕ್ಕೆ. ಹೆಣ ದಾಟ್ಕಂಡು ಗಾಡಿ ಹೊಡೀಬಾರ್ದು. ಮಸಣದ ತಿರುವಿನವರೆಗೂ ನಾವು ಹಿಂದೇನೇ ಬತ್ತೀವಿ."

ಮಸಣದ ತಿರುವಿಗೆ ಈ ನಡಿಗೆಯಲ್ಲಿ ಮುಕ್ಕಾಲು ಗಂಟೆ. ಭಾಗ್ಯ ಹೆಂಗಸರ ಗುಂಪಿನಿಂದ ಮುಂದೆ ನಡೆದು ಚಟ್ಟದ ಮುಂಭಾಗ ಹೊತ್ತವರ ಎದುರು ನಿಂತಳು. ತಮಟೆ ನಿಂತಿತು.

"ಪಕ್ಕಕ್ಕೆ ಇಳೀರಿ ಅಣ್ಣ. ಬಸ್ಸು ಹೋಗ್ಲಿ."

ಹೊತ್ತವರು ದ್ಯಾವಯ್ಯನ ಮುಖ ನೋಡಿದರು. ದ್ಯಾವಯ್ಯ ಅಕ್ಕನ ಮುಖ ನೋಡಿದ. ಹೆಣಕ್ಕೆ ಊರೇ ದಾರಿ ಬಿಡುತ್ತದೆ, ಸಾಹೇಬರ ಜೀಪೂ ಬಿಡುತ್ತದೆ. ಹೆಣ ದಾರಿ ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

"ನನ್ನ ಮುಖ ಏನ್ ನೋಡ್ತೀರ್ಲಾ," ಎಂದಳು ಮುತ್ತಮ್ಮ. "ಮಗಳು ಹೇಳ್ತಾವ್ಳೆ. ಇಳೀರಿ. ಚರಂಡಿ ಐತೆ, ಕಾಲ್ ನೋಡ್ಕಳ್ರಿ."

ನಾಲ್ಕು ಜನ ಹೊತ್ತ ಹೆಗಲು ಇಳಿಸದೆ, ಒಬ್ಬರ ಹಿಂದೊಬ್ಬರು ರಸ್ತೆಯಂಚಿನ ಹುಲ್ಲಿಗೆ ಕಾಲಿಟ್ಟರು. ಜನವೆಲ್ಲ ಏರಿಯ ಬದಿಗೆ ಒತ್ತರಿಸಿ ನಿಂತಿತು. ಡ್ರೈವರು ಕಾಲಿನ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ, ಆಮೇಲೆ ಗೇರು ಹಾಕಿದ. ಬಸ್ಸು ನಡೆಯುವ ಮನುಷ್ಯನಷ್ಟೇ ನಿಧಾನವಾಗಿ ಬಂತು. ಒಳಗೆ ಹನ್ನೆರಡು ಹುಡುಗಿಯರೂ ತಮ್ಮ ಸೀಟು ಬಿಟ್ಟೆದ್ದು ಈಚೆಯ ಕಿಟಕಿಗಳಿಗೆ ಬಂದಿದ್ದರು. ನೀರು ತೊಟ್ಟಿಕ್ಕುವ ತಲೆಗೂದಲು ಸರಳುಗಳ ನಡುವಿನಿಂದ ಹೊರಗೆ ಬಂದಿತ್ತು. ಅವರನ್ನು ನೋಡಿ ಉಳಿದ ಪ್ರಯಾಣಿಕರೂ ಎದ್ದು ಇದೇ ಬದಿಗೆ ಬಂದರು.

ಚಟ್ಟವನ್ನು ದಾಟಿದ ಮೇಲೂ ಯಾರೂ ತಮ್ಮ ಜಾಗಕ್ಕೆ ಮರಳಲಿಲ್ಲವೆಂದು ಕಾಣುತ್ತದೆ. ಏರಿಯ ಉದ್ದಕ್ಕೂ, ತುಂಬಿದ ಕೆರೆಯ ಪಕ್ಕದಲ್ಲಿ, ಬಸ್ಸು ಚಲುವಮ್ಮನ ಕಡೆಗೇ ವಾಲಿಕೊಂಡು ವೇಗ ಹೆಚ್ಚಿಸುತ್ತ ಹಾಸನದ ದಿಕ್ಕಿಗೆ ಹೋಯಿತು.