ನಡುಮಧ್ಯಾಹ್ನದ ಉದ್ದ ಸೀಟಿ

ನಮ್ಮ ಓಣಿಯಲ್ಲಿ ಬಿಸಿಲನ್ನು ಬೈಯುವವರಿಲ್ಲ. ನಾವು ಉಪ್ಪಿನ ಗದ್ದೆಯವರು. ಕಡಲ ನೀರನ್ನು ಗದ್ದೆಗೆ ಹಾಯಿಸಿ, ಬಿಸಿಲಿಗೆ ಬತ್ತಲು ಬಿಟ್ಟು, ತಳದಲ್ಲಿ ಕಟ್ಟಿದ ಉಪ್ಪನ್ನು ಗೋರಿ ಬದುವಿನ ಮೇಲೆ ರಾಶಿ ಹಾಕುವುದು ನಮ್ಮ ಕೆಲಸ. ಬಿಸಿಲು ಹೆಚ್ಚಾದಷ್ಟೂ ಉಪ್ಪು ಹೆಚ್ಚು. ಮಳೆಯೊಂದೇ ನಮ್ಮ ಶತ್ರು. ರಾಶಿ ಮುಚ್ಚುವ ಮೊದಲು ಒಂದು ಜೋರು ಮಳೆ ಹೊಯ್ದರೆ ಅಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅದಕ್ಕೇ ನಮ್ಮ ಮೇಸ್ತ್ರಿಯ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಆ ಸೀಟಿಗೆ ಎರಡೇ ಮಾತು ಬರುತ್ತವೆ. ಚುಟುಕಾಗಿ ಮತ್ತೆ ಮತ್ತೆ ಊದಿದರೆ, ಗುಡುಗು ಬಂತು, ಟಾರ್ಪಾಲು ಹಿಡಿದು ಓಡಿ ಬನ್ನಿ, ರಾಶಿ ಮುಚ್ಚಿ ಎಂದರ್ಥ. ಒಂದೇ ಉಸಿರಿಗೆ ಉದ್ದಕ್ಕೆ ಊದಿದರೆ, ಕೆಲಸ ಮುಗಿಯಿತು, ಮನೆಗೆ ಹೋಗಿ ಎಂದರ್ಥ. ಸೂರ್ಯ ಕಡಲಿಗೆ ತಾಗುವ ಮೊದಲು ಉದ್ದ ಸೀಟಿ ಊದಿದವರಲ್ಲ ನಮ್ಮ ಮೇಸ್ತ್ರಿ. ಅದು ಅವರ ಹೆಮ್ಮೆ. ನಮಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಗುಡುಗು ಕೇಳಿದರೆ ಸಾಕು, ಅನ್ನದ ತಟ್ಟೆ ಬಿಟ್ಟು ಗದ್ದೆಗೆ ಓಡುತ್ತಿದ್ದೆವು.

ಈ ಬೇಸಿಗೆ ಮಾತ್ರ ನಮಗೂ ಅತಿಯಾಯಿತು. ತಗಡಿನ ಮಾಡಿನ ಕೆಳಗೆ ರಾತ್ರಿಯೂ ಮೈ ಬೇಯುತ್ತಿತ್ತು. ಫ್ಯಾನು ತಿರುಗಿದರೆ ಒಲೆಯ ಮುಂದೆ ಕುಳಿತಂತೆ. ನಲ್ಲಿ ಬಿಟ್ಟರೆ ಮೊದಲು ಬರುವುದು ಬಿಸಿನೀರು. ಬೀದಿ ನಾಯಿಗಳು ಚರಂಡಿಯ ಕೆಸರಿನಲ್ಲಿ ಹೊಟ್ಟೆ ಹಚ್ಚಿ ಮಲಗಿದ್ದವು, ಕಲ್ಲು ಎಸೆದರೂ ಏಳುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ನಾವೆಲ್ಲ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ನರ್ಸಮ್ಮ ಸ್ಕೂಟರಿನಲ್ಲಿ ಬಂದರು. ಓಣಿಯ ತುದಿಯ ಆರೋಗ್ಯ ಕೇಂದ್ರದವರು. ನಮ್ಮ ಮಕ್ಕಳು ಅವರ ಸ್ಕೂಟರಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುತ್ತವೆ, ಸೂಜಿಯ ಭಯ.

"ಮೇಸ್ತ್ರಿಯಣ್ಣ, ಹವಾಮಾನದ ಎಚ್ಚರಿಕೆ ಬಂದಿದೆ, ನೋಡಿದ್ರಾ?" ಎಂದು ಫೋನು ಮುಂದೆ ಹಿಡಿದರು. "ಕರಾವಳಿ ಉದ್ದಕ್ಕೂ ಬಿಸಿಗಾಳಿ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು."

ಮೇಸ್ತ್ರಿ ಫೋನಿನ ಕಡೆ ನೋಡಲೂ ಇಲ್ಲ. "ನನ್ನ ಹವಾಮಾನ ಕಚೇರಿ ಇಲ್ಲಿದೆ ನೋಡಿ" ಎಂದು ಮೂಗು ಮುಟ್ಟಿ ತೋರಿಸಿದರು. "ಮಳೆ ಬರೋದಾದ್ರೆ ನಂಗೆ ವಾಸನೆ ಬರುತ್ತೆ. ಇಷ್ಟು ಬಿಸಿಲಲ್ಲಿ ಎಲ್ಲಿಂದ ಬರ್ಬೇಕು ಮಳೆ?"

"ಬಿಸಿಲು ಇರೋದಕ್ಕೇ ಬರೋದು. ನೆಲ ಕಾದು ಕೆಂಡ ಆಗಿದೆ. ಕಡಲ ಪಸೆ ಹೊತ್ತ ಗಾಳಿ ಬಿಸಿಯಾಗಿ ಮೇಲಕ್ಕೇರುತ್ತೆ, ಅಲ್ಲಿ ಮೋಡ ಕಟ್ಟುತ್ತೆ. ಹಾಲಿನ ಪಾತ್ರೆ ಇದ್ದ ಹಾಗೆ. ಉರಿ ಜೋರಾದಷ್ಟೂ ಉಕ್ಕೋದೂ ಜೋರು."

"ಉಪ್ಪು ತಿಂದವನು ನೀರು ಕುಡೀಲೇಬೇಕು. ಉಪ್ಪು ಮಾಡೋನು ಬಿಸಿಲು ಕುಡೀಲೇಬೇಕು" ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು.

ನರ್ಸಮ್ಮ ನಗಲಿಲ್ಲ. "ನಿಮ್ಮ ಮೂಗನ್ನ ನಾನೂ ನಂಬ್ತೀನಿ ಅಣ್ಣ. ಅದು ಸರಿಯಾಗೇ ಹೇಳುತ್ತೆ. ನಿಮ್ಮ ಕಾಲು ಮಾತ್ರ ಉಲ್ಟಾ ಓಡುತ್ತೆ. ಗುಡುಗು ಕೇಳಿದ್ರೆ ಲೋಕವೆಲ್ಲ ಒಳಗೆ ಓಡುತ್ತೆ, ನೀವು ಬಯಲಿಗೆ ಓಡ್ತೀರಿ. ಒಂದು ಮರ ಇಲ್ಲದ ಬಯಲು, ಕಾಲಡಿ ಉಪ್ಪುನೀರು, ಕೈಯಲ್ಲಿ ಟಾರ್ಪಾಲು ಊರೋ ಕಬ್ಬಿಣದ ಸರಳು. ಅಲ್ಲಿ ಎತ್ತರಕ್ಕೆ ಇರೋದು ನೀವೇ. ಸಿಡಿಲಿಗೆ ಇನ್ನೇನು ಬೇಕು?"

"ನಮ್ಮಂಥೋರ ಮೇಲೆ ಬೀಳೋಕೆ ಸಿಡಿಲಿಗೇನು ಬೇರೆ ಕೆಲಸ ಇಲ್ವಾ ನರ್ಸಮ್ಮ?" ಎಂದರು ಮೇಸ್ತ್ರಿಯ ಹೆಂಡತಿ. ಓಣಿಗೆಲ್ಲ ಅವರು ಅಕ್ಕ. ಅಕ್ಕ ಬಾಯಿ ತೆರೆದರೆ ನಗು ಗ್ಯಾರಂಟಿ.

"ಬೆಳಿಗ್ಗೇನೇ ರಾಶಿ ಮುಚ್ಚಿಬಿಡಿ. ನಡುಮಧ್ಯಾಹ್ನ ಯಾರೂ ಗದ್ದೇಲಿ ಇರ್ಬೇಡಿ" ಎಂದರು ನರ್ಸಮ್ಮ.

"ಹಸಿ ಉಪ್ಪು ಮುಚ್ಚಿದ್ರೆ ಒಣಗೋದು ಯಾವಾಗ? ನೀವು ಸೂಜಿ ನೋಡ್ಕೊಳ್ಳಿ, ಉಪ್ಪು ನಾನು ನೋಡ್ಕೋತೀನಿ."

ಅಷ್ಟರಲ್ಲಿ ಮೇಸ್ತ್ರಿಯ ಸೊಸೆ ಕೊಡ ಇಳಿಸಿ ಹಣೆ ಒತ್ತಿಕೊಂಡಳು. ಮದುವೆಯಾಗಿ ಬಂದು ವರ್ಷವಾಗಿಲ್ಲ. ಗಂಡ ಲಾರಿ ಡ್ರೈವರ್, ಉಪ್ಪಿನ ಲೋಡು ಹಾಕಿಕೊಂಡು ದೂರ ಹೋಗಿದ್ದ. ಹೋಗುವಾಗ "ಅಪ್ಪಾ, ಇವಳನ್ನ ನೋಡ್ಕೋ" ಎಂದು ಓಣಿಯಲ್ಲಿ ಎಲ್ಲರೆದುರು ಹೇಳಿ ಹೋಗಿದ್ದ. ಪಾಪದ ಹುಡುಗಿ. ಯಾರು ಏನು ಹೇಳಿದರೂ ಇಲ್ಲ ಅನ್ನಲು ಬಾರದು.

"ತಲೆ ಸಿಡೀತಿದೆ ಮಾವ."

"ಒಂದು ಲೋಟ ಚಾ ಕುಡಿ, ಸರಿಹೋಗುತ್ತೆ. ಇವತ್ತಿನ ಬಿಸಿಲಿಗೆ ಉಪ್ಪು ಹಲಗೆ ಹಾಗೆ ಕಟ್ಟುತ್ತೆ, ಬಿಡಬಾರ್ದು" ಎಂದರು ಮೇಸ್ತ್ರಿ. ಅವರು ಕೆಟ್ಟವರಲ್ಲ. ಬಿಸಿಲಿನಿಂದ ಯಾರಿಗಾದರೂ ಕೇಡಾಗುತ್ತದೆ ಎಂಬುದು ಅವರ ತಲೆಗೇ ಹೋಗುತ್ತಿರಲಿಲ್ಲ, ಅಷ್ಟೆ.

ಮಧ್ಯಾಹ್ನ ನಾವೆಲ್ಲ ಊಟಕ್ಕೆ ಮನೆಗೆ ಬಂದೆವು. ಕಟ್ಟಿದ ಉಪ್ಪು ಬಿಟ್ಟು ಬರಲೊಲ್ಲದೆ ಗದ್ದೆಯಲ್ಲಿ ಉಳಿದವರು ಮೇಸ್ತ್ರಿ, ಅವರ ಮಾತು ಮೀರದ ಸೊಸೆ. ಆಮೇಲೆ ಅಲ್ಲಿ ನಡೆದದ್ದನ್ನು ನರ್ಸಮ್ಮನೇ ನನಗೆ ಹೇಳಿದರು.

ನರ್ಸಮ್ಮನಿಗೆ ಬೆಳಗಿನಿಂದ ಸಮಾಧಾನವಿರಲಿಲ್ಲ. ಓಆರ್‌ಎಸ್ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಗದ್ದೆಗೇ ಬಂದರು. ಬಿಳಿ ಉಪ್ಪಿನ ಮೇಲೆ ಬಿಸಿಲು ಹೊಡೆದು ಕಣ್ಣು ಬಿಡಲಾಗುತ್ತಿರಲಿಲ್ಲ. ಗದ್ದೆಯ ನಡುವೆ ಸೊಸೆ ಗೋರುವ ಹಲಗೆ ಹಿಡಿದು ಸುಮ್ಮನೆ ನಿಂತಿದ್ದಳು. ಗೋರುತ್ತಿರಲಿಲ್ಲ.

"ಏನಮ್ಮ, ಹೀಗ್ಯಾಕೆ ನಿಂತಿದ್ದೀಯಾ?"

ಅವಳು ತೊದಲುತ್ತಾ ಹೇಳಿದಳು, "ಕತ್ತಲಾಯ್ತಲ್ಲ... ಮಾವ ಇನ್ನೂ ಸೀಟಿ ಊದಲಿಲ್ವಾ?"

ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಹುಡುಗಿ ಕತ್ತಲಾಯಿತು ಅನ್ನುತ್ತಿದ್ದಾಳೆ. ನರ್ಸಮ್ಮ ಮುಟ್ಟಿ ನೋಡಿದರೆ ಮೈ ಕಾದ ಹೆಂಚು. ಒಂದು ಹನಿ ಬೆವರಿಲ್ಲ. ಮರುಕ್ಷಣ ಅವಳು ಹಲಗೆಯ ಸಮೇತ ಕುಸಿದು ಬಿದ್ದಳು.

ಮೇಸ್ತ್ರಿ ಓಡಿ ಬಂದರು. ಇಬ್ಬರೂ ಸೇರಿ ಅವಳನ್ನು ಬದುವಿನ ಮೇಲಿನ ಚಪ್ಪರಕ್ಕೆ ತಂದರು. ನರ್ಸಮ್ಮ ಒಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡುತ್ತಾ, ಇನ್ನೊಂದು ಕೈಯಲ್ಲಿ ಅಲ್ಲಿದ್ದ ಕ್ಯಾನಿನ ಕುಡಿಯುವ ನೀರನ್ನು ಅವಳ ಮೈಮೇಲೆ ಸುರಿದರು. ಮೇಸ್ತ್ರಿ ಗಾಬರಿಯಲ್ಲಿ ಲೋಟವನ್ನು ಅವಳ ಬಾಯಿಗೆ ಹಿಡಿಯಹೋದರು.

"ಬೇಡ! ಜ್ಞಾನ ಇಲ್ಲದೋರ ಬಾಯಿಗೆ ನೀರು ಹಾಕಬಾರ್ದು, ಶ್ವಾಸಕ್ಕೆ ಹೋಗುತ್ತೆ. ಮೈಮೇಲೆ ಹಾಕಿ. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಗಾಳಿ ಬೀಸಿ."

ಆಗ ಕಡಲ ಕಡೆಯಿಂದ ಗುಡುಗು ಕೇಳಿಸಿತು. ದೂರದಲ್ಲಿ, ಹೊಟ್ಟೆಯೊಳಗೆ ಗುಡುಗುಡು ಎಂದ ಹಾಗೆ.

ಮೇಸ್ತ್ರಿಯ ಕೈ ತಾನಾಗಿಯೇ ಸೀಟಿಗೆ ಹೋಯಿತು. "ಅಯ್ಯೋ, ರಾಶಿ!" ಎಂದು ಎದ್ದೇ ಬಿಟ್ಟರು.

ನರ್ಸಮ್ಮ ಅವರ ತೋಳು ಹಿಡಿದು ಜಗ್ಗಿದರು. "ಊದಿದ್ರೆ ಇಡೀ ಓಣಿ ಬಯಲಿಗೆ ಬರುತ್ತೆ. ರಾಶಿ ಕರಗಿದ್ರೆ ಇನ್ನೊಂದು ಹಾಕ್ಬೋದು. ಇವಳು ಹೋದ್ರೆ ಮಗನಿಗೆ ಏನು ಹೇಳ್ತೀರಿ? ಇಲ್ಲೂ ಕೂರೋ ಹಾಗಿಲ್ಲ. ನಾಲ್ಕು ಕಂಬದ ಚಪ್ಪರ ನೆರಳಿಗೆ ಸರಿ, ಸಿಡಿಲಿಗಲ್ಲ. ಗೋದಾಮಿಗೆ ಹೊತ್ಕೊಂಡು ನಡೀರಿ!"

ಗೋದಾಮು ಬದುವಿನ ತುದಿಗಿದೆ. ಕಾಂಕ್ರೀಟಿನ ತಾರಸಿ, ಗಟ್ಟಿ ಗೋಡೆ. ಮೇಸ್ತ್ರಿ ಒಮ್ಮೆ ರಾಶಿಗಳತ್ತ ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು. ಆಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದರು. ನೀರಿನ ಕ್ಯಾನು ಹೊತ್ತು ನರ್ಸಮ್ಮ ಹಿಂದೆ ಓಡಿದರು.

ಇತ್ತ ಓಣಿಯಲ್ಲಿ ನಮಗೂ ಗುಡುಗು ಕೇಳಿಸಿತ್ತು. ಸೀಟಿ ಕೇಳಲಿಲ್ಲ. ಆದರೆ ನಮ್ಮ ಕಾಲಿಗೆ ಸೀಟಿ ಬೇಕೇ? ಟಾರ್ಪಾಲಿನ ಒಂದು ತುದಿ ಅಕ್ಕ ಹಿಡಿದರು, ಇನ್ನೊಂದು ನಾನು. ಹಿಂದೆ ಓಣಿಯ ಹೆಂಗಸರು ಗಂಡಸರು, ಕಂಕುಳಲ್ಲಿ ಸರಳುಗಳು. ಓಡುತ್ತಾ ತಲೆಯೆತ್ತಿ ನೋಡಿದರೆ ಕಡಲ ಮೇಲಿನ ಆಕಾಶ ಮಸಿಯಾಗಿತ್ತು. ಗಾಳಿ ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ಗುಡುಗಿನ ಮೇಲೆ ಗುಡುಗು. ಬದುವಿಗೆ ಕಾಲಿಟ್ಟಾಗ ನನ್ನ ಮುಂಗೈ ಕೂದಲು ನೆಟ್ಟಗೆ ನಿಂತವು. ಮೈಯೆಲ್ಲ ಜುಮ್ಮೆಂದಿತು. ಚಳಿ ಇರಬೇಕು ಎಂದುಕೊಂಡೆ. ಸಿಡಿಲು ತಲೆಯ ಮೇಲೇ ಇದೆ ಎಂಬುದಕ್ಕೆ ಅದೇ ಗುರುತು ಎಂದು ನನಗೆ ಗೊತ್ತಿರಲಿಲ್ಲ.

ಗೋದಾಮಿನ ಬಾಗಿಲಲ್ಲಿ ಮೇಸ್ತ್ರಿ ಕಾಣಿಸಿದರು. ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಗಾಳಿಗೆ ಒಂದು ಅಕ್ಷರವೂ ಕೇಳಲಿಲ್ಲ. ಬೇಗ ಬನ್ನಿ ಅನ್ನುತ್ತಿದ್ದಾರೆ ಎಂದುಕೊಂಡು ನಾವು ಇನ್ನೂ ಜೋರಾಗಿ ಓಡಿದೆವು. ಆಗ ಅವರು ಸೀಟಿಯನ್ನು ಬಾಯಿಗಿಟ್ಟರು.

ಉದ್ದ ಸೀಟಿ.

ನಾವು ಗಕ್ಕನೆ ನಿಂತೆವು. "ಇವರಿಗೇನಾಯ್ತು? ತಲೆ ಕೆಡ್ತಾ?" ಎಂದರು ಅಕ್ಕ. ಮತ್ತೆ ಊದಿದರು. ಉಸಿರು ಕಟ್ಟುವಷ್ಟು ಉದ್ದ. ಕೆಲಸ ಮುಗಿಯಿತು, ಮನೆಗೆ ಹೋಗಿ. ನಟ್ಟ ನಡು ಹಗಲಿನಲ್ಲಿ, ರಾಶಿಗಳು ಬೆತ್ತಲೆ ನಿಂತಿರುವಾಗ, ಮನೆಗೆ ಹೋಗಿ! ನಮಗೆ ಏನೂ ಅರ್ಥವಾಗಲಿಲ್ಲ. ಆದರೆ ಆ ಸೀಟಿಗೆ ತಿರುಗಿ ತಿರುಗಿ ಪಳಗಿದ ಕಾಲು, ತಿರುಗಿಯೇ ಬಿಟ್ಟಿತು. ಟಾರ್ಪಾಲು, ಸರಳು ಎಲ್ಲ ಅಲ್ಲೇ ಬಿಸಾಕಿ ಓಣಿಯ ಕಡೆ ಬಿದ್ದಂಬೀಳ ಓಡಿದೆವು.

ಮೊದಲನೆಯ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿದೆವೋ ಇಲ್ಲವೋ, ಕಣ್ಣು ಕುರುಡಾಗುವಂಥ ಬೆಳಕು. ಅದರ ಜೊತೆಗೇ ಸದ್ದು. ಗೋಡೆ ಅದುರಿತು. ಮಕ್ಕಳು ಕಿರುಚಿದವು. ನಾನು ಅಕ್ಕನನ್ನು ತಬ್ಬಿಕೊಂಡೆ. ನನಗೆ ಅಷ್ಟು ಹೆದರಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಆಮೇಲೆ ಅಕ್ಕನ ಫೋನು ಬಡಿದುಕೊಂಡಿತು. ನರ್ಸಮ್ಮ. "ಯಾರೂ ಹೊರಗೆ ಬರ್ಬೇಡಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ಒಳಗೇ ಇರಿ. ನಲ್ಲಿ ಮುಟ್ಬೇಡಿ, ಕಿಟಕಿ ಹತ್ರ ನಿಲ್ಬೇಡಿ, ಟಿವಿ ಫ್ಯಾನಿನ ಪ್ಲಗ್ ಮುಟ್ಟೋಕೂ ಹೋಗ್ಬೇಡಿ. ಸೊಸೆ ನನ್ನ ಹತ್ರ ಇದ್ದಾಳೆ, ಬಿಸಿಲು ಬಡಿದಿದೆ."

"ಜೀವ ಇದೆಯಾ?" ಎಂದರು ಅಕ್ಕ.

"ಉಸಿರಾಡ್ತಿದ್ದಾಳೆ" ಎಂದಷ್ಟೇ ಹೇಳಿ ನರ್ಸಮ್ಮ ಫೋನು ಇಟ್ಟರು.

ಅಕ್ಕನದು ಸಿಡಿಲನ್ನೂ ತಮಾಷೆ ಮಾಡಿದ ಬಾಯಿ. ಈಗ ಸೆರಗು ಕಚ್ಚಿ ಕುಳಿತಿತ್ತು. ಎರಡು ಸಲ ಅಕ್ಕ ಬಾಗಿಲಿಗೆ ಓಡಿದರು, ಎರಡು ಸಲವೂ ನಾವು ಹಿಡಿದು ಕೂರಿಸಿದೆವು. ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಹೊಯ್ಯುತ್ತಿತ್ತು. ರಾಶಿ ಕರಗುತ್ತಿದೆ ಎಂದು ಆ ಹೊತ್ತಿನಲ್ಲಿ ಒಬ್ಬರಾದರೂ ಬಾಯಿಬಿಟ್ಟರೆ ಕೇಳಿ.

ಗೋದಾಮಿನಲ್ಲಿ ಮೇಸ್ತ್ರಿ ಖಾಲಿ ಗೋಣಿಯಿಂದ ಗಾಳಿ ಬೀಸುತ್ತಲೇ ಇದ್ದರಂತೆ. "ನಾನೇ ಕೊಂದೆ, ನಾನೇ ಕೊಂದೆ" ಎಂದು ಅಳುತ್ತಿದ್ದರಂತೆ. "ಅಳೋದು ಆಮೇಲೆ ಅಣ್ಣ, ಈಗ ಬೀಸಿ" ಎಂದು ನರ್ಸಮ್ಮ ಗದರಿದರು. ಬಟ್ಟೆ ಒದ್ದೆ ಮಾಡುವುದು, ಇಡುವುದು, ಬೀಸುವುದು. ಕ್ಯಾನು ಖಾಲಿಯಾಗುತ್ತಾ ಬಂದಾಗ ಹುಡುಗಿಯ ಮೈ ಸ್ವಲ್ಪ ತಣ್ಣಗಾಯಿತು. ರೆಪ್ಪೆ ಅಲುಗಿತು. ಕಣ್ಣು ಬಿಟ್ಟು ಮಾವನ ಮುಖ ನೋಡಿದಳು.

"ಸೀಟಿ ಕೇಳಿಸ್ತು ಮಾವ. ಮನೆಗೆ ಹೋಗೋಣ್ವಾ?"

ಹೆಂಡತಿಗೂ ಎಂದೂ ಬಾಗದ ಮನುಷ್ಯ, ಸೊಸೆಯ ಕಾಲ ಬಳಿ ತಲೆಯಿಟ್ಟು ಅತ್ತರು.

ಮಳೆ ನಿಂತ ಮೇಲೆ ಆಂಬುಲೆನ್ಸ್ ಬಂದು ಅವಳನ್ನು ಆಸ್ಪತ್ರೆಗೆ ಒಯ್ದಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಮಗ ಲಾರಿ ಬಿಟ್ಟು ಬಸ್ಸು ಹಿಡಿದು ಬಂದ. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು ಎಂದರು ಮೇಸ್ತ್ರಿ ನನ್ನೆದುರು. ಸೊಸೆ ಈಗ ಮನೆಯಲ್ಲಿದ್ದಾಳೆ. ಇನ್ನೂ ಬೇಗ ಸುಸ್ತಾಗುತ್ತದೆ, ಬಿಸಿಲಿಗೆ ಬಿಡುವುದಿಲ್ಲ.

ನಾವು ಸರಳು ಬಿಸಾಕಿ ಬಂದ ಜಾಗವನ್ನು ಮರುದಿನ ಹೋಗಿ ನೋಡಿದೆವು. ಟಾರ್ಪಾಲು ಸುಟ್ಟು ಮುದುಡಿಕೊಂಡಿತ್ತು. ಬದುವಿನ ಮಣ್ಣು ಸೀಳಿತ್ತು. ಅಕ್ಕ ತಾವು ನಿಂತಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು.

ಈಗ ನಮ್ಮ ಗದ್ದೆಯಲ್ಲಿ ಬೆಳಕು ಹರಿಯುವಾಗ ಕೆಲಸ ಶುರು. ಬಿಸಿಲೇರುವ ಮೊದಲು ನಿಲ್ಲಿಸಿ, ಇಳಿದ ಮೇಲೆ ಮತ್ತೆ ಹೋಗುತ್ತೇವೆ. ಬೆಳಿಗ್ಗೆ ಎದ್ದು ಮೇಸ್ತ್ರಿ ಮೊದಲು ಮಾಡುವ ಕೆಲಸ, ಕನ್ನಡಕ ಹಾಕಿ ಫೋನಿನಲ್ಲಿ ಹವಾಮಾನದ ಸುದ್ದಿ ಓದುವುದು. ಆಮೇಲೆ ಮೂಗನ್ನೂ ಕೇಳುತ್ತಾರೆ, ಅದು ಬೇರೆ ಮಾತು. ಗುಡುಗಿನ ಎಚ್ಚರಿಕೆ ಇದ್ದರೆ ಮಧ್ಯಾಹ್ನಕ್ಕೆ ಮುಂಚೆಯೇ ರಾಶಿ ಮುಚ್ಚಿ ಆಗಿರುತ್ತದೆ. ಚುಟುಕು ಸೀಟಿ ನಿಂತೇ ಹೋಗಿದೆ. ಗುಡುಗಿದರೆ ನಮ್ಮ ಮೇಸ್ತ್ರಿ ಊದುವುದು ಉದ್ದ ಸೀಟಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಉಪ್ಪು ಮಾಡುತ್ತೀರೋ, ಮೀನು ಒಣಗಿಸುತ್ತೀರೋ, ಇಟ್ಟಿಗೆ ಹೊರುತ್ತೀರೋ ನನಗೆ ಗೊತ್ತಿಲ್ಲ. ಗುಡುಗು ಕೇಳಿದಾಗ ಹೊರಗಿನದೇನೋ ಒಳಗೆ ತರಲು ಓಡುವ ಕಾಲು ನಿಮಗೂ ಇದ್ದೇ ಇರುತ್ತದೆ. ಒಣಹಾಕಿದ ಬಟ್ಟೆಯೇ ಆಗಲಿ, ಬಿಡಿ. ಮರದ ಕೆಳಗೆ ನಿಲ್ಲಬೇಡಿ, ಗಟ್ಟಿ ಮನೆಯೊಳಗೆ ಸೇರಿ. ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಕೂಡಲೇ ಆಂಬುಲೆನ್ಸ್ ಕರೆಸಿ. ಬಿಸಿಲಿಗೆ ದುಡಿಯುವಾಗ ಬಾಯಾರುವ ಮೊದಲೇ ನೀರು ಕುಡಿಯಿರಿ. ಜೊತೆಯವರು ತಲೆ ಸಿಡಿಯುತ್ತಿದೆ ಅಂದರೆ ಚಾ ಕೊಟ್ಟು ಸುಮ್ಮನಾಗಬೇಡಿ, ನೆರಳಿಗೆ ಕರೆತನ್ನಿ. ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಮೈಗೆ ನೀರು ಸುರಿಯಿರಿ, ಆಸ್ಪತ್ರೆಗೆ ಒಯ್ಯಿರಿ.

ಆವತ್ತು ನಮ್ಮ ರಾಶಿಗಳೆಲ್ಲ ಕರಗಿ ಕಡಲಿಗೆ ಹೋದವು. ಓಣಿಯಲ್ಲಿ ಸಂಜೆ ತಲೆ ಎಣಿಸಿದೆವು, ಆಸ್ಪತ್ರೆಯಲ್ಲಿದ್ದ ಸೊಸೆಯೂ ಸೇರಿ ಎಲ್ಲರೂ ಇದ್ದೆವು. ಗುಡುಗಿದರೆ ಒಳಗೆ ನಡೆಯಿರಿ. ಉಪ್ಪು ನಾಳೆಯೂ ಕಟ್ಟುತ್ತದೆ.