ಆರು ಪಾಯಿಂಟ್ ಎಂಟು

ಆಯುಧ ಪೂಜಿ ಮರುದಿನ ಮುಂಜಾನಿ ಹಗಲು ಪಾಳಿ ಮೌನೇಶ್ವರಿ ಸ್ಕೂಟಿ ನಿಲ್ಸೂದ್ರಾಗ ಮೂಗು ಮುಚ್ಚಿಕೊಂಡ್ಳು. ಸಿಂಧನೂರಿನ ಹೊಲಸು ನೀರು ತಿಳಿ ಮಾಡೋ ಜಾಗ, ವಾಸನಿ ಇದ್ದದ್ದೇ. ಆದ್ರ ಇವತ್ತಿಂದು ಕೊಳೆತ ತತ್ತಿ ವಾಸನಿ! ದಿನಾ ಕಂದು ನೊರಿ ಉಕ್ಕಿಸೋ ತೊಟ್ಟಿ ಕರ್ರಗ ಸುಮ್ಮನ ಕುಂತಿತ್ತು.

ಹೊಲಸು ತಿನ್ನೋ ಕಣ್ಣಿಗೆ ಕಾಣದ ಹುಳಕ್ಕೂ ನೀರಾಗ ಉಸುರು ಬೇಕಲ್ಲ, ಆಮ್ಲಜನಕ. ಅದು ತೀರಿದ್ರ ಹುಳ ಸತ್ತು, ಕರೀ ನೀರು ಸೀದಾ ಹಳ್ಳಕ್ಕ. ಗಾಳಿ ಊದೋ ಬ್ಲೋವರ್ ನೋಡಿದ್ರ ಮೆಲ್ಲಕ ತಿರುಗಾಕತ್ತಿತ್ತು. ಮುಂದಿನ ವಾರ ಆಕಿ ನೌಕರಿ ಪಕ್ಕಾ ಆಗೋದಿತ್ತು!

ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟು ಇಂಜಿನಿಯರ್‌ಗೆ ಫೋನ್ ಹಚ್ಚೇಬಿಟ್ಳು. "ಸರ್, ರಾತ್ರಿ ಪಾಳಿ ನರಸಣ್ಣ ಮಲಕೊಂಡು ತೊಟ್ಟಿ ಕೊಂದಾನ ರೀ!"

"ಹೌದಾ? ಅವನ ಕೆಲಸ ಇವತ್ತಿಗೆ ಮುಗೀತು. ಬರಾಕತ್ತೀನಿ."

ಅಲ್ಲೇ ನಿಂತಿದ್ದ ಮುದುಕ ನರಸಣ್ಣನ ಮುಖ ಸಪ್ಪಗಾತು. "ರೆಪ್ಪಿ ಹಚ್ಚಿಲ್ಲವ್ವ ನಾ. ಹನ್ನೆರಡಕ್ಕ ವಾಸನಿ ಬಂತು. ನೀರಿನ ಉಸುರು ಅಳಿಯೋ ಮೀಟರ್ ನೋಡಿದ್ರ ಆರು ಪಾಯಿಂಟ್ ಎಂಟು. 'ಎರಡಿದ್ರ ಸಾಕು ಕಾಕಾ, ಮೂಗು ನಂಬಬ್ಯಾಡ, ಮೀಟರ್ ನಂಬು' ಅಂತ ನೀನೇ ಬೈದಿದ್ದಿಯಲ್ಲ?"

ಓಡಿ ಹೋಗಿ ನೋಡಿದ್ಳು. ಹೌದು, ಆರು ಪಾಯಿಂಟ್ ಎಂಟು. ಕರೀ ನೀರಾಗ ಆರೇನು, ಹುಚ್ಚೇನು! ಮೀಟರಿಂದ ಸೆನ್ಸರ್ ವೈರ್ ಹಿಡಕೊಂಡು ಹೋದ್ಳು. ವೈರ್ ತೊಟ್ಟಿಗೆ ಇಳಿದಿರಲೇ ಇಲ್ಲ. ಮೀಟರ್ ಪೆಟ್ಟಿಗಿ ಹಿಂದ ನಿನ್ನಿ ಪೂಜಿ ಚೆಂಡುಹೂವಿನ ರಾಶ್ಯಾಗ ಹೊಕ್ಕಿತ್ತು. ಹೂವು ಸರಿಸಿದ್ರ ತಾಮ್ರದ ತಂಬಿಗಿ, ತಂಬಿಗ್ಯಾಗ ತಿಳಿನೀರು, ನೀರಾಗ ಸೆನ್ಸರ್.

ತಂಬಿಗಿ ಆಕೀದೇ. ನಿನ್ನಿ ಸೆನ್ಸರ್ ತೊಳದು, ಒಣಗಬಾರದಂತ ನೀರಾಗಿಟ್ಟು, ಹೂವೇರಿಸಿ ಕೈ ಮುಗಿದಾಕಿ ಆಕೀನೇ. ಬೆಲ್ಲ ಪುಟಾಣಿ ಹಂಚೋ ಗದ್ದಲದಾಗ ತೊಟ್ಟಿಗಿ ಇಳಿಸೋದು ಮರ್ತು ಮನಿಗಿ ಹೋಗ್ಯಾಳ. ತಂಬಿಗಿ ನೀರಿನ ಲೆಕ್ಕ ನೋಡಿ, ಉಸುರು ಬೇಕಾದಷ್ಟೈತಿ ಅಂತ ಬ್ಲೋವರ್ ತಾನೇ ಮೆತ್ತಗಾಗೈತಿ. ಕಲಿತಾಕಿ ನೋಡ್ರಿ, ಬಲು ಶಾಣ್ಯಾಕಿ!

ಸೆನ್ಸರ್ ತೊಟ್ಟಿಗೆ ಇಳಿಸಿದ್ಳು. ಸೊನ್ನಿ ಪಾಯಿಂಟ್ ಒಂದು. ಬ್ಲೋವರ್ ಪೂರ್ತಿ ಏರಿಸಿದ್ಳು. ಇಬ್ರೂ ಮೀಟರ್ ನೋಡಿಕೋತ ನಿಂತ್ರು. ಹತ್ತು ನಿಮಿಷ ಆತು, ಪಾಯಿಂಟ್ ಒಂದೇ. ಅರ್ಧ ತಾಸಿಗೆ ಪಾಯಿಂಟ್ ಎರಡಾತು, ಆಮ್ಯಾಲ ಪಾಯಿಂಟ್ ನಾಕು.

"ಮೆಲ್ಲಕ ಏರಾಕತ್ತೈತಿ, ಹುಳ ಉಸುರು ಎಳಿಯಾಕತ್ತಾವ, ಬದುಕ್ಯಾವ," ಅಂದ ನರಸಣ್ಣ. ಅಷ್ಟರಾಗ ಗೇಟಿನಾಗ ಜೀಪಿನ ಹಾರನ್ ಕೇಳಿಸ್ತು. ಅಂವ ತಂಬಿಗಿ ಎತ್ತಿ ಆಕಿ ಕೈಗೆ ಕೊಟ್ಟ. "ಬ್ಯಾಗಿನ್ಯಾಗ ಹಾಕ್ಕೋ. ಸಣ್ಣಾಕಿ ಅದಿ, ನಿನ್ನ ಮುಂದ ಬಾಳೇವು ಐತಿ. ನಂದೇನು, ಮಲಗಿದ್ದೆ ಅಂತೀನಿ."

ನಾಚಿಕಿಗಿ ಆಕಿ ಕಣ್ಣಾಗ ನೀರು ಬಂತು. ತಂಬಿಗಿ ಹಿಡಕೊಂಡೇ ಗೇಟಿಗೆ ಹೋದ್ಳು.

"ಸರ್, ಕಾಕಾ ಮಲಗಿರಲಿಲ್ಲ ರೀ. ಸೆನ್ಸರ್ ಇದರಾಗ ಇತ್ತು. ಇಟ್ಟಾಕಿ ನಾ."